ಮಕ್ಕಳ ಫೋಟೋಗೆ ಹಿನ್ನೆಲೆ ಅಳಿಸಲೇಬೇಕಾ? ನೂರು ವರ್ಷಗಳ ಹಿಂದೆ ಲೂಯಿಸ್ ಹೈನ್ ಮಾಡಿದ್ದೇನು?

ಪಾರ್ಕಿನಲ್ಲಿ ಮಗುವಿನ ಫೋಟೋ ತೆಗೆಯುತ್ತೇವೆ. ನಗು ಚೆನ್ನಾಗಿ ಬಂದಿರುತ್ತದೆ. ಆದರೆ ತಲೆಯ ಹಿಂದೆ ಕರೆಂಟ್ ಕಂಬ, ಪಕ್ಕದಲ್ಲಿ ಯಾರದೋ ಸ್ಕೂಟರ್, ಕಾಲ ಬಳಿ ಚಿಪ್ಸ್ ಪ್ಯಾಕೆಟ್. ಹಿನ್ನೆಲೆ ಮಸುಕಾದರೆ ಮಾತ್ರ ಒಳ್ಳೆಯ ಫೋಟೋ, ಅದಕ್ಕೆ ದುಬಾರಿ ಫೋನ್ ಬೇಕು, ಇಲ್ಲವಾದರೆ ಆ್ಯಪ್‌ನಲ್ಲಿ ಹಿನ್ನೆಲೆ ಅಳಿಸಿಬಿಡಿ ಎಂಬ ಸಲಹೆಗಳು ಗ್ರೂಪುಗಳಲ್ಲಿ ಓಡಾಡುತ್ತಿರುತ್ತವೆ. ಇದು ಎಷ್ಟು ನಿಜ? ಉತ್ತರಕ್ಕಾಗಿ ನಾವು ಅಮೆರಿಕದ ಒಬ್ಬ ಫೋಟೋಗ್ರಾಫರ್‌ನ ಬದುಕನ್ನು ನೋಡೋಣ. ಅವರು ತೆಗೆದ ಮಕ್ಕಳ ಫೋಟೋಗಳು ಒಂದು ದೇಶದ ಕಾನೂನು ಬದಲಾಗಲು ನೆರವಾದವು.

ಯಾರು ಈ ಲೂಯಿಸ್ ಹೈನ್?

ಹೈನ್ ಹುಟ್ಟಿದ್ದು 1874ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಷ್‌ಕಾಷ್ ಎಂಬ ಊರಿನಲ್ಲಿ. ಹದಿಹರೆಯದಲ್ಲೇ ತಂದೆ ತೀರಿಕೊಂಡರು. ಹುಡುಗ ಕಾರ್ಖಾನೆಯಲ್ಲಿ ದುಡಿಯಬೇಕಾಯಿತು. ಮುಂದೆ ಓದಿ, 1901ರಲ್ಲಿ ನ್ಯೂಯಾರ್ಕಿನ ಶಾಲೆಯೊಂದರಲ್ಲಿ ಮೇಷ್ಟ್ರಾದರು. ಕ್ಯಾಮೆರಾ ಕೈಗೆ ಬಂದದ್ದೂ ಆ ಶಾಲೆಯಲ್ಲೇ, ಪಾಠಕ್ಕೆ ಪೂರಕವಾಗಿ.

ಆ ಕಾಲದ ಅಮೆರಿಕದಲ್ಲಿ ಮಕ್ಕಳ ದುಡಿಮೆ ಮಾಮೂಲಿ ಸಂಗತಿ. 1900ರ ಜನಗಣತಿಯ ಪ್ರಕಾರ 10ರಿಂದ 15 ವರ್ಷದೊಳಗಿನ ಸುಮಾರು 17.5 ಲಕ್ಷ ಮಕ್ಕಳು ಕೆಲಸಕ್ಕೆ ಹೋಗುತ್ತಿದ್ದರು. ಇದರ ವಿರುದ್ಧ ಹೋರಾಡುತ್ತಿದ್ದ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗೆ ಸಾಕ್ಷ್ಯ ಬೇಕಿತ್ತು. 1908ರಲ್ಲಿ ಹೈನ್ ಮೇಷ್ಟ್ರ ಕೆಲಸ ಬಿಟ್ಟು ಸಮಿತಿಯ ಫೋಟೋಗ್ರಾಫರ್ ಆದರು.

ಮಾಲೀಕರು ಒಳಗೆ ಬಿಡುತ್ತಿರಲಿಲ್ಲ. ಹೀಗಾಗಿ ಅವರು ಕೆಲವೊಮ್ಮೆ ಪೋಸ್ಟ್‌ಕಾರ್ಡ್ ಮಾರುವವರಂತೆ, ಕೆಲವೊಮ್ಮೆ ಯಂತ್ರಗಳ ಫೋಟೋ ತೆಗೆಯಲು ಬಂದವರಂತೆ ನಟಿಸುತ್ತಿದ್ದರು. ತಮ್ಮ ಕೋಟಿನ ಗುಂಡಿಗಳ ಎತ್ತರ ಮೊದಲೇ ಗೊತ್ತಿಟ್ಟುಕೊಂಡು, ಮಗು ಯಾವ ಗುಂಡಿಯ ಮಟ್ಟಕ್ಕೆ ಬರುತ್ತದೆ ಎಂದು ನೋಡಿ ಎತ್ತರ ಬರೆದುಕೊಳ್ಳುತ್ತಿದ್ದರು. ಹೀಗೆ ಅವರು ತೆಗೆದ ಚಿತ್ರಗಳ ಪೈಕಿ ಐದು ಸಾವಿರಕ್ಕೂ ಹೆಚ್ಚು ಇಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ.

ಹಿನ್ನೆಲೆಯೇ ಸಾಕ್ಷಿ

1908ರಲ್ಲಿ ದಕ್ಷಿಣ ಕೆರೊಲಿನಾದ ಲ್ಯಾಂಕಾಸ್ಟರ್ ಹತ್ತಿಗಿರಣಿಯಲ್ಲಿ ತೆಗೆದ ಫೋಟೋ ನೋಡಿ. ಕೇವಲ 48 ಇಂಚು, ಅಂದರೆ ನಾಲ್ಕು ಅಡಿ ಎತ್ತರದ ಹುಡುಗಿ. ಅವಳ ಪಕ್ಕದಿಂದ ನೂಲುವ ಯಂತ್ರದ ಸಾಲು ದೂರದವರೆಗೆ ಚಾಚಿದೆ. ಆ ಯಂತ್ರವನ್ನು ಅಳಿಸಿಬಿಟ್ಟರೆ ಉಳಿಯುವುದು ಸುಮ್ಮನೆ ನಿಂತ ಒಂದು ಮಗು. ಯಂತ್ರ ಇರುವುದರಿಂದಲೇ ಅವಳು ಎಷ್ಟು ಚಿಕ್ಕವಳು, ಏನು ಮಾಡುತ್ತಿದ್ದಾಳೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಹೊರಾಂಗಣದಲ್ಲೂ ಹೀಗೆಯೇ. 1910ರ ಮೇ ತಿಂಗಳಲ್ಲಿ ಸೇಂಟ್ ಲೂಯಿಸ್ ನಗರದ ಬೀದಿಯಲ್ಲಿ ಸಿಗರೇಟು ಸೇದುತ್ತ ನಿಂತ ಪತ್ರಿಕೆ ಮಾರುವ ಪುಟ್ಟ ಹುಡುಗರನ್ನು ತೆಗೆದರು. ಜೊತೆಗೆ ಯಾವ ಮೂಲೆ, ಯಾವ ದಿನ, ಎಷ್ಟು ಗಂಟೆ ಎಂದೂ ಬರೆದಿಟ್ಟರು. ಅದು ಸೋಮವಾರ ಬೆಳಿಗ್ಗೆ 11 ಗಂಟೆ. ಶಾಲೆಯಲ್ಲಿ ಇರಬೇಕಾದ ಹೊತ್ತು.

ಹಾಗಾದರೆ ಮಕ್ಕಳ ಮುಖ ಗದ್ದಲದಲ್ಲಿ ಕಳೆದುಹೋಗಲಿಲ್ಲ ಏಕೆ?

ಇಲ್ಲಿ ಸ್ವಲ್ಪ ವಿಜ್ಞಾನ ಇದೆ. ಹೈನ್ ಬಳಸುತ್ತಿದ್ದದ್ದು 5x7 ಇಂಚಿನ ಗಾಜಿನ ಪ್ಲೇಟ್ ಹಾಕುವ ಪೆಟ್ಟಿಗೆ ಕ್ಯಾಮೆರಾ. ಅಷ್ಟು ದೊಡ್ಡ ಪ್ಲೇಟಿಗೆ ದೊಡ್ಡ ಲೆನ್ಸ್ ಬೇಕು. ಬೆಳಕು ಒಳಬರುವ ಕಿಂಡಿಯೂ ದೊಡ್ಡದು. ಕಿಂಡಿ ದೊಡ್ಡದಾದಷ್ಟೂ ಫೋಕಸ್ ಆದ ಮಗು ಸ್ಪಷ್ಟವಾಗಿ, ಹಿಂದಿರುವುದು ಮೃದುವಾಗಿ ಕಾಣುತ್ತದೆ. ನಮ್ಮ ಫೋನಿನ ಲೆನ್ಸ್ ತೀರಾ ಚಿಕ್ಕದು. ಅದಕ್ಕೇ ಮಗುವೂ ಸ್ಪಷ್ಟ, ಹಿಂದಿನ ಕಂಬವೂ ಸ್ಪಷ್ಟ. ಪೋರ್ಟ್ರೇಟ್ ಮೋಡ್‌ನಲ್ಲಿ ಸಾಫ್ಟ್‌ವೇರ್ ದೂರವನ್ನು ಅಂದಾಜು ಮಾಡಿ ಹಿನ್ನೆಲೆಯನ್ನು ಮಸುಕು ಮಾಡುತ್ತದೆ. ಕೆದರಿದ ಕೂದಲು, ಕಿವಿಯ ಅಂಚು ಕೆಲವೊಮ್ಮೆ ಮಾಯವಾಗುವುದು ಈ ಅಂದಾಜು ತಪ್ಪಿದಾಗ.

ಕತ್ತಲಿರುವ ಕಡೆ ಹೈನ್ ಮೆಗ್ನೀಸಿಯಂ ಪುಡಿ ಹೊತ್ತಿಸಿ ಬೆಳಕು ಮಾಡುತ್ತಿದ್ದರು. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಹತ್ತಿರದ ಮಗು ಬೆಳಗುತ್ತದೆ, ಹಿಂದಿನ ಗೋಡೆ ಕತ್ತಲಾಗುತ್ತದೆ.

ಮೂರನೆಯದು ಖರ್ಚಿಲ್ಲದ್ದು. ಅವರ ಎಷ್ಟೋ ಚಿತ್ರಗಳಲ್ಲಿ ಕ್ಯಾಮೆರಾ ಮಗುವಿನ ಕಣ್ಣಿನ ಮಟ್ಟದಲ್ಲಿದೆ. ನಾವು ನಿಂತುಕೊಂಡು ಮೇಲಿನಿಂದ ತೆಗೆದರೆ ನೆಲವೇ ಹಿನ್ನೆಲೆಯಾಗುತ್ತದೆ. ನೆಲ ಮಗುವಿಗೆ ತೀರಾ ಹತ್ತಿರ ಇರುವುದರಿಂದ ಅಲ್ಲಿನ ಚಪ್ಪಲಿ, ಕಸ ಎಲ್ಲವೂ ಎದ್ದು ಕಾಣುತ್ತದೆ. ಕುಕ್ಕರುಗಾಲಲ್ಲಿ ಕೂತರೆ ದೂರದ ಮರ, ಆಕಾಶ ಹಿನ್ನೆಲೆಗೆ ಬರುತ್ತವೆ.

ಮುಂದೇನಾಯಿತು?

1916ರಲ್ಲಿ ಅಮೆರಿಕದ ಸಂಸತ್ತು ಬಾಲಕಾರ್ಮಿಕರ ವಿಷಯದಲ್ಲಿ ಕಾಯ್ದೆ ಮಾಡಿತು. 1918ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಗಟ್ಟಿಯಾಗಿ ನಿಂತ ಕಾನೂನು ಬರಲು 1938 ಆಗಬೇಕಾಯಿತು. ಇದು ಹೈನ್ ಒಬ್ಬರ ಸಾಧನೆಯಲ್ಲ, ಹೋರಾಡಿದವರು ಬಹಳ ಮಂದಿ. ಆದರೆ ಜನ ಅಲ್ಲಗಳೆಯಲಾಗದಂತೆ ಕಣ್ಣಮುಂದೆ ಇಟ್ಟದ್ದು ಆ ಫೋಟೋಗಳು.

1930ರ ಹೊತ್ತಿಗೆ ಹೈನ್ ಎಂಪೈರ್ ಸ್ಟೇಟ್ ಕಟ್ಟಡದ ನಿರ್ಮಾಣವನ್ನು ಸೆರೆಹಿಡಿದರು. ಆದರೆ ಉಕ್ಕಿನ ತೊಲೆಯ ಮೇಲೆ ಸಾಲಾಗಿ ಕೂತು ಊಟ ಮಾಡುವ ಕಾರ್ಮಿಕರ ಪ್ರಸಿದ್ಧ ಫೋಟೋ ಅವರದ್ದಲ್ಲ. ಅವರ ಹೆಸರಲ್ಲಿ ಫಾರ್ವರ್ಡ್ ಬಂದರೆ ನಂಬಬೇಡಿ. ಅದು 1932ರಲ್ಲಿ ರಾಕ್‌ಫೆಲರ್ ಸೆಂಟರ್‌ನಲ್ಲಿ ತೆಗೆದದ್ದು. ಹೈನ್ ಕೊನೆಗಾಲದಲ್ಲಿ ಕೆಲಸವಿಲ್ಲದೆ ಬಡತನದಲ್ಲಿ ಬದುಕಿ, 1940ರಲ್ಲಿ ತೀರಿಕೊಂಡರು.

ನಮಗೆ ಇದರಿಂದ ಏನು ಉಪಯೋಗ?

- ಮಗುವಿನ ಕಣ್ಣಿನ ಮಟ್ಟಕ್ಕೆ ಕೂತು, ಹತ್ತಿರ ಹೋಗಿ ತೆಗೆಯಿರಿ.
- ಮಗುವನ್ನು ಗೋಡೆ, ಪೊದೆಗೆ ಒರಗಿಸಬೇಡಿ. ಹಿನ್ನೆಲೆ ದೂರವಾದಷ್ಟೂ ಒಳ್ಳೆಯದು.
- ತಲೆಯ ಹಿಂದೆ ಕಂಬ ಕಂಡರೆ ನೀವೇ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ.
- ಮರದಡಿಯ ಚುಕ್ಕೆ ಬಿಸಿಲಿಗಿಂತ ಪೂರ್ತಿ ನೆರಳು ಮೇಲು.
- ಅಜ್ಜಿ ಮನೆಯ ಜಗಲಿ, ಜಾತ್ರೆಯ ತೇರು, ಗದ್ದೆಯ ಬದು ಇದ್ದರೆ ಅಳಿಸಬೇಡಿ. ಇಪ್ಪತ್ತು ವರ್ಷದ ನಂತರ ಮಗು ಹುಡುಕುವುದು ಅದನ್ನೇ.

ಕೊನೆಯದಾಗಿ ಒಂದು ಎಚ್ಚರಿಕೆ. ಹೈನ್ ಸ್ಥಳ, ಸಮಯ ದಾಖಲಿಸಿದ್ದು ಮಕ್ಕಳನ್ನು ಕಾಪಾಡಲು. ಇಂದು ಅದೇ ವಿವರ ಅಪರಿಚಿತರ ಕೈ ಸೇರಿದರೆ ಮಗುವಿಗೆ ಅಪಾಯ. ಶಾಲೆಯ ಬೋರ್ಡು, ಯೂನಿಫಾರಂನ ಬ್ಯಾಡ್ಜ್, ಮನೆ ನಂಬರ್, ವಾಹನದ ನಂಬರ್ ಪ್ಲೇಟ್ ಕಾಣುವ ಫೋಟೋವನ್ನು ಗ್ರೂಪಿಗೆ ಹಾಕುವ ಮುನ್ನ ಆ ಭಾಗ ಕತ್ತರಿಸಿ. ಮಸುಕು ಮಾಡಿದರೆ ಸಾಲದು, ದೊಡ್ಡ ಅಕ್ಷರಗಳನ್ನು ಆಗಲೂ ಊಹಿಸಬಹುದು. ಮೂಲ ಫೋಟೋ ಮಾತ್ರ ಹಾಗೆಯೇ ನಿಮ್ಮ ಬಳಿ ಇರಲಿ.