ಕಡತ ಓದಿದ ಕಲೆಕ್ಟರು

ಅಧಿಕಾರಿಯೊಬ್ಬನು ಕಾಗದದ ಮೇಲೆ ಬರೆಯುವ ಒಂದು ಅಂಕಿ ಸಾವಿರಾರು ಮನೆಗಳ ಒಲೆಯನ್ನು ಉರಿಸಲೂ ಬಲ್ಲುದು, ಆರಿಸಲೂ ಬಲ್ಲುದು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಎಲ್ಲರಿಗೂ ಸಲ್ಲುವುದಾದರೂ ಅಧಿಕಾರದಲ್ಲಿರುವವರಿಗೆ ಅದು ಹೆಚ್ಚಾಗಿ ಸಲ್ಲುತ್ತದೆ. ಅವರ ಆತುರದ ಫಲವನ್ನು ಉಣ್ಣುವವರು ಬೇರೆಯವರು. ಈ ಮಾತನ್ನು ಚೆನ್ನಾಗಿ ಅರಿತು ನಡೆದವರಲ್ಲಿ ಥಾಮಸ್ ಮನ್ರೋ ಒಬ್ಬನು.

ಮನ್ರೋ 1761ರ ಮೇ 27ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದನು. ತಂದೆ ವ್ಯಾಪಾರಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದಿಂದ ಆತನ ವ್ಯಾಪಾರ ನೆಲಕಚ್ಚಿತು. ಬಾಲ್ಯದಲ್ಲಿ ಬಂದ ದಡಾರದಿಂದ ಮನ್ರೋನ ಕಿವಿ ಮಂದವಾಗಿತ್ತು. 1780ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆಯನ್ನು ಸೇರಿ ಮದರಾಸಿಗೆ ಬಂದ ಈ ತರುಣನು ಇಲ್ಲಿನ ಭಾಷೆಗಳನ್ನು ಶ್ರಮವಹಿಸಿ ಕಲಿತನು. 1792ರಿಂದ ಏಳು ವರ್ಷಗಳ ಕಾಲ ಬಾರಾಮಹಲಿನಲ್ಲಿ ಕಂದಾಯದ ಕೆಲಸ ಮಾಡುತ್ತ ಊರೂರು ಸುತ್ತಿ, ರೈತರೊಡನೆ ನೇರವಾಗಿ ಮಾತನಾಡಿ, ಬೇಸಾಯದ ಒಳಹೊರಗನ್ನು ತಿಳಿದುಕೊಂಡನು.

1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾಯಿತು. ಕರಾವಳಿಯ ಕೆನರಾ ಪ್ರಾಂತ ಕಂಪನಿಯ ಕೈಸೇರಿತು. ಅದರ ಆಡಳಿತವನ್ನು ನೆಲೆಗೊಳಿಸುವ ಭಾರ ಮನ್ರೋನ ಮೇಲೆ ಬಿದ್ದಿತು. ಆತನಿಗೆ ಬಾರಾಮಹಲನ್ನು ಬಿಟ್ಟುಬರಲು ಮನಸ್ಸಿರಲಿಲ್ಲ. ಆದರೂ ಆಜ್ಞೆಗೆ ತಲೆಬಾಗಿ ಬಂದನು. ಬಿಡದೆ ಸುರಿಯುವ ಮಳೆ, ದಾಟಲಾಗದ ಹೊಳೆಗಳು, ದಟ್ಟವಾದ ಕಾಡು. ನೇತ್ರಾವತಿಯ ದಡದ ಬಂಟ್ವಾಳ, ಘಟ್ಟದ ಬುಡದ ಬೆಳ್ತಂಗಡಿಯ ಸೀಮೆ, ಬಸದಿಗಳ ಊರಾದ ಮೂಡುಬಿದಿರೆ ಎಲ್ಲವೂ ಆ ಪ್ರಾಂತದೊಳಗೇ ಇದ್ದುವು.

ಕಾಲವೂ ಶಾಂತವಾಗಿರಲಿಲ್ಲ. ಬೆಳ್ತಂಗಡಿಯ ಬಳಿಯ ಕಡಿದಾದ ಬಂಡೆಯ ಮೇಲೆ ಟಿಪ್ಪು ಸುಲ್ತಾನನು ಕಟ್ಟಿಸಿದ್ದ ಜಮಲಾಬಾದಿನ ಕೋಟೆಯನ್ನು ತಿಮ್ಮಾನಾಯಕನೆಂಬವನು ಹಠಾತ್ತನೆ ಹಿಡಿದನು. ಅದನ್ನು ಮರಳಿ ಪಡೆಯಲು ಕಂಪನಿಯ ಸೇನೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಬೇಕಾಯಿತು. ಬಂಟ್ವಾಳದ ದಕ್ಷಿಣಕ್ಕಿರುವ ವಿಟ್ಲದ ಹೆಗ್ಗಡೆಯೂ ದಂಗೆಯೆದ್ದನು. ಕಂಪನಿ ಆ ದಂಗೆಯನ್ನು ನಿರ್ದಯವಾಗಿ ಅಡಗಿಸಿತು, ಹೆಗ್ಗಡೆಯನ್ನು ಗಲ್ಲಿಗೇರಿಸಲಾಯಿತು. ಅತ್ತ ಮದರಾಸಿನ ಸರ್ಕಾರಕ್ಕೆ ಹಣ ಬೇಕಾಗಿತ್ತು. ಇಂತಹ ಸಮಯದಲ್ಲಿ ಹೊಸ ಕಲೆಕ್ಟರನು ನಿರ್ಧರಿಸಬೇಕಾದ ಪ್ರಶ್ನೆ ಒಂದೇ: ಪ್ರತಿಯೊಬ್ಬ ಒಕ್ಕಲಿಗನಿಂದ ಎಷ್ಟು ಕಂದಾಯ ಪಡೆಯಬೇಕು?

ಸುಲಭವಾದ ದಾರಿ ಕಣ್ಣೆದುರಿಗೇ ಇದ್ದಿತು. ಹಿಂದಿನ ಸರ್ಕಾರದ ಕೊನೆಯ ಲೆಕ್ಕದ ಮೊತ್ತವನ್ನೇ ಹಿಡಿದು ವಸೂಲಿಗೆ ತೊಡಗಬಹುದಾಗಿತ್ತು. ಆದರೆ ಲೆಕ್ಕದಲ್ಲಿ ಬರೆದುದು ಬೇರೆ, ನೆಲ ಕೊಡಬಲ್ಲುದು ಬೇರೆ ಎಂಬ ಸಂಶಯ ಮನ್ರೋನಿಗೆ ಬಂದಿತು. ಆತನು ಹಳೆಯ ಕಡತಗಳನ್ನು ತರಿಸಿದನು. ಬಟ್ಟೆಗೆ ಹುಣಿಸೆ ಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕಗಳಿವು. ಎಷ್ಟೋ ಕಡತಗಳು ಹಾಳಾಗಿದ್ದುವು. ಉಳಿದವುಗಳನ್ನು ಶಾನುಭೋಗರಿಂದ ಓದಿಸಿ, ಒಂದರೊಡನೊಂದನ್ನು ತಾಳೆನೋಡಿ, ಶತಮಾನಗಳ ಕಂದಾಯದ ಚರಿತ್ರೆಯನ್ನು ಆತನು ಹೊರತೆಗೆದನು. ವಿಜಯನಗರದ ಕಾಲದಿಂದ ಬಂದ ಮೂಲ ಕಂದಾಯವಾದ ‘ರೇಖೆ’ ಯಾವುದು, ಅನಂತರದ ಅರಸರು ಅದರ ಮೇಲೆ ಹೇರಿದ ‘ಶಾಮಿಲು’ ಯಾವುದು ಎಂಬುದು ಸ್ಪಷ್ಟವಾಯಿತು.

ಈ ಪರಿಶೀಲನೆಯಿಂದ ಮತ್ತೊಂದು ಸಂಗತಿಯೂ ತಿಳಿದುಬಂದಿತು. ನೆಲವೆಲ್ಲ ದೊರೆಯದು ಎಂದು ಕಂಪನಿಯ ಹಲವು ಅಧಿಕಾರಿಗಳು ನಂಬಿದ್ದರು. ಕರಾವಳಿಯಲ್ಲಿ ಹಾಗಿರಲಿಲ್ಲ. ಇಲ್ಲಿನ ಮೂಲವರ್ಗದಾರನಿಗೆ ತನ್ನ ಭೂಮಿಯನ್ನು ಮಾರುವ, ಅಡವಿಡುವ, ಮಕ್ಕಳಿಗೆ ಬಿಟ್ಟುಹೋಗುವ ಹಕ್ಕು ಬಹುಕಾಲದಿಂದ ಇದ್ದಿತು. ಆತನ ಕೆಳಗೆ ಮೂಲಗೇಣಿ, ಚಾಲಗೇಣಿ ಒಕ್ಕಲುಗಳಿದ್ದರು. ಇದನ್ನು ಅರಿಯದೆ ಹೊರಡಿಸಿದ ಒಂದು ಆಜ್ಞೆ ತಲೆಮಾರುಗಳ ಹಕ್ಕನ್ನು ಅಳಿಸಿಹಾಕುತ್ತಿತ್ತು. ಮನ್ರೋ ಆ ಹಕ್ಕನ್ನು ಒಪ್ಪಿಕೊಂಡನು. ಹಿಂದಿನ ಲೆಕ್ಕದ ಮೊತ್ತಕ್ಕಿಂತ ಕಡಿಮೆ ಕಂದಾಯವನ್ನು ಗೊತ್ತುಮಾಡಿದನು. ತಾನು ಕಂಡುದನ್ನೆಲ್ಲ 1800ರ ಮೇ 31ರ ವರದಿಯಲ್ಲಿ ಕಾರಣಸಹಿತವಾಗಿ ಮೇಲಿನವರಿಗೆ ಬರೆದು ತಿಳಿಸಿದನು.

ಅದೇ ವರ್ಷದ ಕೊನೆಗೆ ಆತನು ನಿಜಾಮನಿಂದ ಬಂದ ಬಳ್ಳಾರಿ, ಅನಂತಪುರ, ಕಡಪ ಸೀಮೆಗೆ ವರ್ಗವಾದನು. ಅಲ್ಲಿ ವರ್ಷಗಟ್ಟಲೆ ಡೇರೆಯಲ್ಲೇ ವಾಸಿಸುತ್ತ ಹೊಲಹೊಲವನ್ನೂ ಅಳೆಯಿಸಿದನು. ಅಳತೆಗಾರರ ಕೆಲಸವನ್ನು ಮೇಲಿನವರು ಮತ್ತೆ ಪರೀಕ್ಷಿಸುವ ಏರ್ಪಾಟು ಇದ್ದಿತು. ಇಷ್ಟಾದ ಮೇಲೆ, ಕಂದಾಯವನ್ನು ನೂರಕ್ಕೆ 25ರಷ್ಟು ಇಳಿಸಬೇಕೆಂದು 1807ರಲ್ಲಿ ಆತನೇ ಶಿಫಾರಸು ಮಾಡಿದನು. ಸರ್ಕಾರ ಕಿವಿಗೊಡಲಿಲ್ಲ. 1820ರಲ್ಲಿ ಮದರಾಸಿನ ಗವರ್ನರನಾದಾಗ, ಹದಿಮೂರು ವರ್ಷಗಳ ಹಿಂದಿನ ಆ ಸಲಹೆಯನ್ನು ಆತನೇ ಕಾರ್ಯಗತಗೊಳಿಸಿದನು.

ಗವರ್ನರನಾದ ಮೇಲೂ ಮೊದಲು ತಿಳಿದು ಆಮೇಲೆ ಮಾಡುವ ಅಭ್ಯಾಸವನ್ನು ಮನ್ರೋ ಬಿಡಲಿಲ್ಲ. ವಿದ್ಯಾಭ್ಯಾಸವನ್ನು ಸುಧಾರಿಸಬೇಕೆಂಬ ಮಾತು ಬಂದಾಗ, ಈಗ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂಬುದನ್ನು ಎಣಿಸಿ ಕಳುಹಿಸುವಂತೆ 1822ರಲ್ಲಿ ಜಿಲ್ಲೆಗಳ ಕಲೆಕ್ಟರರಿಗೆ ಆಜ್ಞಾಪಿಸಿದನು. 12,498 ಶಾಲೆಗಳ ಲೆಕ್ಕ ದೊರೆಯಿತು. ವಿಷಾದದ ಸಂಗತಿಯೆಂದರೆ, ಮನ್ರೋ ಹಿಂದೆ ಕಡತಗಳನ್ನು ಶೋಧಿಸಿದ್ದ ಕೆನರಾದಿಂದಲೇ ಅಂಕಿಗಳು ಬರಲಿಲ್ಲ. ಅವನ್ನು ಕಲೆಹಾಕಲು ಬಹಳ ಸಮಯ ಬೇಕು, ಅದರಿಂದ ಪ್ರಯೋಜನವೂ ಇಲ್ಲ ಎಂದು ಅಂದಿನ ಕಲೆಕ್ಟರನು ಉತ್ತರಿಸಿದನು. ಹೀಗಾಗಿ ಆ ಕಾಲದಲ್ಲಿ ಬಂಟ್ವಾಳ, ಮೂಡುಬಿದಿರೆಗಳ ಎಷ್ಟು ಮಕ್ಕಳು ಅಕ್ಷರ ಕಲಿಯುತ್ತಿದ್ದರು ಎಂಬುದು ಆ ಪಟ್ಟಿಯಲ್ಲಿ ಇಲ್ಲದೆ ಹೋಯಿತು.

ಮನ್ರೋ ಪರಕೀಯ ಆಳ್ವಿಕೆಯ ಸೇವಕನಾಗಿದ್ದನು ಎಂಬುದನ್ನು ಮರೆಯಲಾಗದು. ಆತನು ಸಂಗ್ರಹಿಸಿದ ಹಣ ಕಂಪನಿಯ ಬೊಕ್ಕಸ ಸೇರಿತು. ಆತನ ಏರ್ಪಾಟೂ ರೈತರ ಕಷ್ಟವನ್ನು ಶಾಶ್ವತವಾಗಿ ಕಳೆಯಲಿಲ್ಲ. 1830-31ರಲ್ಲಿ ಕೆನರಾದ ರೈತರು ಕಂದಾಯದ ಭಾರವನ್ನು ಪ್ರತಿಭಟಿಸಿ ಕೂಟ ಕಟ್ಟಿದರು. ಆದರೆ ತನಗೆ ತಿಳಿಯದುದನ್ನು ತಿಳಿದಂತೆ ನಟಿಸಿ ಇತರರ ಬದುಕಿನ ಮೇಲೆ ಆತನು ತೀರ್ಪು ಬರೆಯಲಿಲ್ಲ.

1827ರಲ್ಲಿ ನಿವೃತ್ತನಾಗಿ ಸ್ವದೇಶಕ್ಕೆ ಹೊರಡುವ ಮುನ್ನ ಆತನು ತಾನು ದುಡಿದ ಸೀಮೆಯನ್ನು ಮತ್ತೊಮ್ಮೆ ನೋಡಬಯಸಿ ಪ್ರವಾಸ ಹೊರಟನು. ದಾರಿಯಲ್ಲಿ ಪತ್ತಿಕೊಂಡದಲ್ಲಿ ಕಾಲರಾ ತಗುಲಿ ಜುಲೈ 6ರಂದು ಮರಣಹೊಂದಿದನು. ನಿಧಾನಿಸುವುದೆಂದರೆ ಕೆಲಸವನ್ನು ಮುಂದೂಡುವುದಲ್ಲ. ನಿರ್ಧರಿಸುವ ಮುನ್ನ ಮಾಡಬೇಕಾದ ಕೆಲಸವನ್ನು ಪೂರ್ತಿಯಾಗಿ ಮಾಡುವುದು. ಇದು ಆತನ ಬಾಳಿನ ಸಾರ.