ಬಾಬಾಸಾಹೇಬರು ಸೋತ ಕ್ಷೇತ್ರ

ಪ್ರತಿ ವರ್ಷ ಡಿಸೆಂಬರ್ 6ಕ್ಕೆ ನಮ್ಮ ಮನೆಯವರೆಲ್ಲ ದಾದರಿನ ಚೈತ್ಯಭೂಮಿಗೆ ಹೋಗುತ್ತೇವೆ. ನಮ್ಮ ಆಯಿಗೆ, ಅಂದರೆ ಅಜ್ಜಿಗೆ, ಈಗ ಮೊಣಕಾಲು ನೋವು. ಆದರೂ ಆ ಸಾಲಿನಲ್ಲಿ ನಿಲ್ಲುವುದನ್ನು ಬಿಟ್ಟಿಲ್ಲ. ಹೋದ ವರ್ಷ ಸಾಲಿನಲ್ಲಿ ನಿಂತಾಗ ಆಕೆ ಒಂದು ಮಾತು ಹೇಳಿದಳು. ಆಕೆಯ ಅಪ್ಪ, ಎಂದರೆ ನನ್ನ ಮುತ್ತಜ್ಜ, ಬಾಬಾಸಾಹೇಬ ಅಂಬೇಡ್ಕರರಿಗೆ ವೋಟು ಹಾಕಿದವನಂತೆ. ಆ ಸಲ ಅವರು ಸೋತರಂತೆ.

ನನಗೆ ನಂಬಿಕೆ ಬರಲಿಲ್ಲ. ಸಂವಿಧಾನ ಬರೆದವರು ಸೋಲುವುದುಂಟೆ? ಅದೂ ಮುಂಬಯಿಯಲ್ಲಿ? ಕಾಲೇಜಿನ ಗೆಳೆಯರನ್ನು ಕೇಳಿದೆ. ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. ಆಮೇಲೆ ಲೈಬ್ರರಿಯಲ್ಲಿ ಕೂತು ಓದಿದ್ದನ್ನು ಇಲ್ಲಿ ನಮ್ಮ ಕೂಟದವರ ಮುಂದೆ ಇಡುತ್ತಿದ್ದೇನೆ. ಇದು ಅವರ ಪೂರ್ತಿ ಜೀವನಚರಿತ್ರೆ ಅಲ್ಲ. ವೋಟಿನ ದಾರಿ ಹಿಡಿದು ನೋಡಿದ ಜೀವನ, ಅಷ್ಟೆ.

ಭೀಮರಾಯರು ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಹೂ ದಂಡಿನಲ್ಲಿ. ತಂದೆ ರಾಮಜಿ ಸೈನ್ಯದಲ್ಲಿ ಸುಬೇದಾರರು. ಮನೆ ಮುಂಬಯಿಗೆ ಬಂದ ಮೇಲೆ ಪರೇಲಿನ ಚಾಳಿನ ವಾಸ, ಗಿರಣಿ ಕೆಲಸಗಾರರ ನೆರೆಹೊರೆ. ಅಲ್ಲಿಂದಲೇ ಎಲ್ಫಿನ್‌ಸ್ಟನ್ ಕಾಲೇಜು, ಬಡೋದೆ ಮಹಾರಾಜರ ವಿದ್ಯಾರ್ಥಿವೇತನ, 1913ರಲ್ಲಿ ಅಮೆರಿಕದ ಕೊಲಂಬಿಯಾ, ಆಮೇಲೆ ಲಂಡನ್. ಇದೆಲ್ಲ ನಮಗೆ ಶಾಲೆಯ ಪುಸ್ತಕದಿಂದಲೇ ಗೊತ್ತು. ಪುಸ್ತಕದಲ್ಲಿ ಅಷ್ಟಾಗಿ ಬಾರದ ಸಂಗತಿ ಏನೆಂದರೆ, ಇಪ್ಪತ್ತೇಳರ ಹರೆಯದಲ್ಲೇ ಅವರು ವೋಟಿನ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದರು. 1919ರಲ್ಲಿ ಯಾರಿಗೆ ಮತಾಧಿಕಾರ ಕೊಡಬೇಕೆಂದು ವಿಚಾರಿಸಲು ಸೌತ್‌ಬರೋ ಸಮಿತಿ ಬಂತು. ಆಗ ವೋಟು ಅನ್ನುವುದು ಆಸ್ತಿ ಇದ್ದವರ, ತೆರಿಗೆ ಕಟ್ಟುವವರ ಸೊತ್ತು. ಅಸ್ಪೃಶ್ಯರಿಗೆ ಆಸ್ತಿ ಎಲ್ಲಿಂದ ಬರಬೇಕು? ಆಸ್ತಿಯ ಅಳತೆಗೋಲನ್ನು ತಗ್ಗಿಸಿ ಅವರಿಗೂ ವೋಟು ಕೊಡಬೇಕು, ವೋಟು ಹಾಕುವುದೇ ಒಂದು ಶಿಕ್ಷಣ ಎಂದು ಅವರು ಸಮಿತಿಯ ಮುಂದೆ ವಾದಿಸಿದರು. 1928ರಲ್ಲಿ ಸೈಮನ್ ಆಯೋಗದ ಮುಂದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಯಸ್ಕರಿಗೆಲ್ಲ ಮತಾಧಿಕಾರ ಬೇಕೆಂದರು.

1932ರಲ್ಲಿ ಬ್ರಿಟಿಷ್ ಪ್ರಧಾನಿ ಕೊಟ್ಟ ಕೋಮುವಾರು ತೀರ್ಪಿನಲ್ಲಿ ಅಸ್ಪೃಶ್ಯರಿಗೆ ಎರಡೆರಡು ವೋಟು ಸಿಕ್ಕವು. ಒಂದು ತಮ್ಮವರನ್ನು ತಾವೇ ಆರಿಸಲು, ಇನ್ನೊಂದು ಎಲ್ಲರ ಜೊತೆ ಸಾಮಾನ್ಯ ಕ್ಷೇತ್ರದಲ್ಲಿ. ಇದನ್ನು ವಿರೋಧಿಸಿ ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದವಾಯಿತು. ಪ್ರಾಂತೀಯ ಶಾಸನಸಭೆಗಳಲ್ಲಿ ಮೀಸಲು ಸ್ಥಾನ 148 ಆಯಿತು, ಆದರೆ ಪ್ರತ್ಯೇಕ ಮತಕ್ಷೇತ್ರ ಹೋಯಿತು. ಮೀಸಲು ಸ್ಥಾನಕ್ಕೆ ನಿಲ್ಲುವವನು ನಮ್ಮವನೇ, ಆದರೆ ಕೊನೆಗೆ ಅವನನ್ನು ಗೆಲ್ಲಿಸುವವರು ಎಲ್ಲರೂ. ಉಳಿದವರ ವೋಟಿನಿಂದ ಗೆದ್ದವನು ಉಳಿದವರ ಮುಖವನ್ನೇ ನೋಡುತ್ತಾನೆ ಅನ್ನುವ ಆತಂಕ ಬಾಬಾಸಾಹೇಬರನ್ನು ಕೊನೆಯತನಕ ಬಿಡಲಿಲ್ಲ.

ಹೊಸ ಕಾಯದೆಯ ಪ್ರಕಾರ 1937ರಲ್ಲಿ ಚುನಾವಣೆ ನಡೆಯಿತು. ಹಿಂದಿನ ವರ್ಷವಷ್ಟೇ ಅವರು ಸ್ವತಂತ್ರ ಮಜೂರ್ ಪಕ್ಷ ಕಟ್ಟಿದ್ದರು. ಮುಂಬಯಿಯ ಮೀಸಲು ಸ್ಥಾನಕ್ಕೆ ತಾವೇ ನಿಂತರು. ಕಾಂಗ್ರೆಸ್ ಅವರ ಎದುರು ನಿಲ್ಲಿಸಿದ್ದು ಯಾರನ್ನು ಗೊತ್ತೇನು? ಪಾಲವಣಕರ್ ಬಾಳೂ ಅವರನ್ನು. ನಮ್ಮ ಧಾರವಾಡದಲ್ಲಿ ಹುಟ್ಟಿದ ಎಡಗೈ ಬೌಲರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವರು. ಅವರೂ ಚಮ್ಮಾರ ಮನೆತನದಿಂದ ಬಂದವರು. ತರುಣ ಅಂಬೇಡ್ಕರರಿಗೆ ಬಾಳೂ ಅಂದರೆ ಅಭಿಮಾನ. ಈಗ ಅವರೇ ಎದುರಾಳಿ. ಅಂಬೇಡ್ಕರರಿಗೆ 13,245 ವೋಟು, ಬಾಳೂ ಅವರಿಗೆ 11,225. ಬಾಬಾಸಾಹೇಬರು ಗೆದ್ದರು. ಜನರು ನೇರವಾಗಿ ವೋಟು ಹಾಕಿ ಆರಿಸಿದ ಸ್ಥಾನವೆಂದರೆ ಅವರ ಪಾಲಿಗೆ ಇದೊಂದೇ.

1946ರ ಚುನಾವಣೆಯಲ್ಲಿ ಅವರ ಪರಿಶಿಷ್ಟ ಜಾತಿ ಫೆಡರೇಷನ್ ನೆಲಕಚ್ಚಿತು. ಸಂವಿಧಾನ ಸಭೆಗೆ ಸದಸ್ಯರನ್ನು ಆರಿಸುವವರು ಪ್ರಾಂತಗಳ ಶಾಸಕರು. ಮುಂಬಯಿಯ ಬಾಗಿಲು ಮುಚ್ಚಿತ್ತು. ಆಗ ಕೈಹಿಡಿದದ್ದು ದೂರದ ಬಂಗಾಳ. ಜೋಗೇಂದ್ರನಾಥ ಮಂಡಲರ ಬೆಂಬಲದಿಂದ ಅಲ್ಲಿಂದ ಆರಿಸಿಬಂದರು. ಮರುವರ್ಷ ದೇಶ ಒಡೆಯಿತು, ಬಂಗಾಳ ಇಬ್ಭಾಗವಾಯಿತು, ಆ ಸ್ಥಾನವೂ ಹೋಯಿತು. ಆಗ ಕಾಂಗ್ರೆಸ್ಸೇ ಮುಂದೆ ಬಂದು, ಜಯಕರರಿಂದ ತೆರವಾಗಿದ್ದ ಸ್ಥಾನಕ್ಕೆ 1947ರ ಜುಲೈನಲ್ಲಿ ಮುಂಬಯಿಯಿಂದ ಅವರನ್ನು ಆರಿಸಿ ಕಳಿಸಿತು. ಮುಂದಿನದು ಎಲ್ಲರಿಗೂ ಗೊತ್ತಿದ್ದದ್ದೇ. ಕರಡು ಸಮಿತಿಯ ಅಧ್ಯಕ್ಷತೆ, 1949ರ ನವೆಂಬರ್ 26, ಮತ್ತು 326ನೆಯ ವಿಧಿ. ಇಪ್ಪತ್ತೊಂದು ತುಂಬಿದ ಎಲ್ಲರಿಗೂ, ಗಂಡಿರಲಿ ಹೆಣ್ಣಿರಲಿ, ಓದು ಬರಲಿ ಬಿಡಲಿ, ಒಂದೇ ಬೆಲೆಯ ವೋಟು.

ಈಗ 1952ಕ್ಕೆ ಬರೋಣ. ಹಿಂದೂ ಕೋಡ್ ಬಿಲ್ಲಿಗೆ ಆದ ಗತಿ ನೋಡಿ ಬೇಸತ್ತು, ಹಿಂದಿನ ಸೆಪ್ಟೆಂಬರಿನಲ್ಲೇ ಅವರು ಕಾನೂನು ಮಂತ್ರಿ ಪದವಿ ಬಿಟ್ಟಿದ್ದರು. ಲೋಕಸಭೆಗೆ ನಿಂತದ್ದು ಮುಂಬಯಿ ನಗರ ಉತ್ತರ ಕ್ಷೇತ್ರದಿಂದ. ಅದು ದ್ವಿಸದಸ್ಯ ಕ್ಷೇತ್ರ: ಒಂದು ಸಾಮಾನ್ಯ ಸ್ಥಾನ, ಒಂದು ಮೀಸಲು ಸ್ಥಾನ. ಮತದಾರನಿಗೆ ಎರಡು ಚೀಟಿ. ಪ್ರತಿ ಅಭ್ಯರ್ಥಿಗೂ ಗುರುತು ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ. ಎರಡು ಚೀಟಿಗಳನ್ನೂ ಒಂದೇ ಪೆಟ್ಟಿಗೆಗೆ ಹಾಕುವಂತಿಲ್ಲ. ಹಾಕಿದರೆ ಒಂದು ರದ್ದು. ಫೆಡರೇಷನ್ನಿನ ಗುರುತು ಆನೆ. ಜೊತೆಗಾರ ಸಮಾಜವಾದಿ ಪಕ್ಷದ ಅಶೋಕ ಮೆಹ್ತಾ ಅವರದು ಆಲದ ಮರ. ಕಮ್ಯುನಿಸ್ಟ್ ಪಕ್ಷದಿಂದ ಡಾಂಗೆ ನಿಂತಿದ್ದರು. ಕಾಂಗ್ರೆಸ್ಸಿನ ಜೋಡೆತ್ತು ಇಬ್ಬರನ್ನು ನಿಲ್ಲಿಸಿತ್ತು. ಮೀಸಲು ಸ್ಥಾನಕ್ಕೆ ನಾರಾಯಣ ಕಾಜರೋಳಕರ್.

ಎಣಿಕೆ ಮುಗಿದಾಗ ಕಾಜರೋಳಕರರಿಗೆ 1,38,137, ಅಂಬೇಡ್ಕರರಿಗೆ 1,23,576. ಸೋಲಿನ ಅಂತರ 14,561. ಮೆಹ್ತಾ ಅವರೂ ಸೋತರು. ಆ ಕ್ಷೇತ್ರದಲ್ಲಿ ತಿರಸ್ಕೃತವಾದ ಚೀಟಿಗಳೇ 74,333! ವೋಟುಗಳನ್ನು ಬೇಕೆಂತಲೇ ಪೋಲು ಮಾಡಿಸಲಾಗಿದೆ ಎಂದು ಬಾಬಾಸಾಹೇಬರೂ ಮೆಹ್ತಾ ಅವರೂ ಕೂಡಿ ಚುನಾವಣಾ ಅರ್ಜಿ ಹಾಕಿದರು. ಅದು ನಿಲ್ಲಲಿಲ್ಲ.

ನಮ್ಮ ಮುತ್ತಜ್ಜನ ಕಥೆ ಇಲ್ಲೇ ಬರುವುದು. ವಿಜಾಪುರದ ಕಡೆಯ ಒಂದು ಹಳ್ಳಿಯ ಕೇರಿಯಿಂದ ಬಂದು ಪರೇಲಿನ ಗಿರಣಿ ಸೇರಿದವನು ಅವನು. ಅಕ್ಷರ ಬಾರದು. ಒಂದು ಚೀಟಿ ಆನೆಗೆ, ಒಂದು ಆಲದ ಮರಕ್ಕೆ ಅಂತ ಚಾಳಿನ ಹುಡುಗರು ನಾಲ್ಕು ಸಲ ಹೇಳಿಕೊಟ್ಟಿದ್ದರಂತೆ. ಆದರೆ ಪರದೆಯ ಹಿಂದೆ ಹೋದ ಮೇಲೆ ಅವನ ಮನಸ್ಸು ತಡೆಯಲಿಲ್ಲ. ಕೊಟ್ಟದ್ದು ಎರಡು, ಎರಡೂ ಬಾಬಾಸಾಹೇಬರಿಗೇ ಇರಲಿ ಎಂದು ಎರಡನ್ನೂ ಆನೆಯ ಪೆಟ್ಟಿಗೆಗೆ ಹಾಕಿ ಬಂದನಂತೆ. ಸಾಯುವ ತನಕ ತಾನು ಎರಡು ವೋಟು ಕೊಟ್ಟೆ ಅಂತಲೇ ಹೇಳಿಕೊಳ್ಳುತ್ತಿದ್ದನಂತೆ. ನಮ್ಮ ಆಯಿಯೂ ಹಾಗೇ ನಂಬಿದ್ದಾಳೆ. ಆ 74,333ರಲ್ಲಿ ಒಂದು ಅವನದೂ ಇರಬೇಕು ಅಂತ ಲೈಬ್ರರಿಯಲ್ಲಿ ಕೂತಾಗ ನನಗೆ ಹೊಳೆಯಿತು. ಅವನ ಒಂದು ವೋಟು ಬಾಬಾಸಾಹೇಬರಿಗೆ ಸಂದಿತು. ಇನ್ನೊಂದು ಯಾರಿಗೂ ಸಲ್ಲಲಿಲ್ಲ. ಆಲದ ಮರದ ಕಡೆಯವರೂ ಆನೆಯ ಪೆಟ್ಟಿಗೆ ಬಿಟ್ಟು ಹೀಗೇ ಮಾಡಿದ್ದರೆ? ಆಯಿಗೆ ಇದನ್ನು ಇನ್ನೂ ಹೇಳಿಲ್ಲ. ಹೇಳಬೇಕೋ ಬೇಡವೋ ಗೊತ್ತಾಗುತ್ತಿಲ್ಲ.

ಬಾಬಾಸಾಹೇಬರು ಅದೇ ವರ್ಷ ರಾಜ್ಯಸಭೆಗೆ ಹೋದರು. 1954ರಲ್ಲಿ ಭಂಡಾರಾದ ಉಪಚುನಾವಣೆಗೆ ನಿಂತರು. ಅದೂ ಎರಡು ಚೀಟಿಯ ಕ್ಷೇತ್ರವೇ. ಸಾಮಾನ್ಯ ಸ್ಥಾನದಲ್ಲಿ ಅಶೋಕ ಮೆಹ್ತಾ ಗೆದ್ದರು, ಮೀಸಲು ಸ್ಥಾನದಲ್ಲಿ ಬಾಬಾಸಾಹೇಬರು ಮತ್ತೆ ಸೋತರು. ಪುಣೆ ಒಪ್ಪಂದದ ದಿನದಿಂದ ಅವರಿಗಿದ್ದ ಆತಂಕ ಎರಡು ಸಲ ಅವರ ಮೇಲೇ ಬಂದು ಬಿತ್ತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದರು. ಡಿಸೆಂಬರ್ 6ರಂದು ದಿಲ್ಲಿಯಲ್ಲಿ ತೀರಿಕೊಂಡರು. ಜನರೇ ಆರಿಸಿದ ಲೋಕಸಭೆಯೊಳಗೆ ಸದಸ್ಯರಾಗಿ ಕೂಡುವುದು ಅವರಿಗೆ ಕೂಡಿಬರಲೇ ಇಲ್ಲ.

ಅವರು ಹೋಗಿ ಕೆಲವೇ ತಿಂಗಳಿಗೆ, 1957ರ ಚುನಾವಣೆಯಲ್ಲಿ ಸಂಯುಕ್ತ ಮಹಾರಾಷ್ಟ್ರದ ಗಾಳಿ ಬೀಸಿತು. ಮುಂಬಯಿ ನಗರ ಮಧ್ಯ ಅನ್ನುವ ದ್ವಿಸದಸ್ಯ ಕ್ಷೇತ್ರದಿಂದ ಗೆದ್ದವರು ಯಾರೆಂದರೆ, ಡಾಂಗೆ ಮತ್ತು ಫೆಡರೇಷನ್ನಿನ ಮಾನೆ! ಐದು ವರ್ಷದ ಹಿಂದೆ ಎದುರುಬದುರು ಇದ್ದ ಪಕ್ಷಗಳು ಈಗ ಜೊತೆಯಾಗಿ ದಿಲ್ಲಿಗೆ ಹೋದವು. ನಮ್ಮ ಚಿಕ್ಕೋಡಿಯಿಂದಲೂ ಅದೇ ವರ್ಷ ಫೆಡರೇಷನ್ನಿನ ದತ್ತಾ ಅಪ್ಪಾ ಕಟ್ಟಿ ಗೆದ್ದರು. 1961ರಲ್ಲಿ ಕಾಯದೆ ಮಾಡಿ ದ್ವಿಸದಸ್ಯ ಕ್ಷೇತ್ರಗಳನ್ನೇ ತೆಗೆದುಹಾಕಿದರು. ಎರಡು ಚೀಟಿಯ ಕಾಲ ಮುಗಿಯಿತು. ಮುಂಬಯಿ ನಗರ ಉತ್ತರ ಅನ್ನುವ ಆ ಹಳೆಯ ಕ್ಷೇತ್ರವೂ ಈಗ ಇಲ್ಲ.

ಅವರು ಸೋತದ್ದನ್ನು ಓದಿ ನನಗೆ ಮೊದಲು ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಕಾಂಗ್ರೆಸ್ಸಿನ ಮೇಲೋ, ಕಮ್ಯುನಿಸ್ಟರ ಮೇಲೋ, ಮುತ್ತಜ್ಜನ ಮೇಲೋ. ಆಮೇಲೆ ಅನ್ನಿಸಿತು: 1919ರಲ್ಲಿ ನನ್ನ ಮುತ್ತಜ್ಜನಂಥವನಿಗೆ ವೋಟು ಬೇಕು ಎಂದು ವಾದಿಸಲು ನಿಂತವರು ಅವರು. ಕೊನೆಗೆ ಅದನ್ನು ಅವನ ಕೈಗೆ ತಂದು ಕೊಟ್ಟವರಲ್ಲಿ ಮೊದಲಿಗರೂ ಅವರೇ. ತಮ್ಮನ್ನೇ ಗೆಲ್ಲಿಸಬೇಕು ಅನ್ನುವ ಶರತ್ತು ಹಾಕಿ ಕೊಟ್ಟಿರಲಿಲ್ಲ. ಸೋಲಿಸುವ ಹಕ್ಕನ್ನೂ ಸೇರಿಸಿಯೇ ಕೊಟ್ಟಿದ್ದರು. ಆದರೆ ಅವರ ಹಳೆಯ ಪ್ರಶ್ನೆ ಹಾಗೇ ಉಳಿದಿದೆ. ಮೀಸಲು ಸ್ಥಾನದಿಂದ ಗೆದ್ದವನು ಯಾರ ಮಾತು ಕೇಳಬೇಕು? ನಮ್ಮ ಕೂಟದಲ್ಲಿ ಒಂದು ಸಂಜೆ ಇದನ್ನೇ ಚರ್ಚೆಗೆ ಇಟ್ಟುಕೊಳ್ಳೋಣ ಅಂತ ನನ್ನ ಸೂಚನೆ.

ಇನ್ನೊಂದು ಮಾತು. ಸಂವಿಧಾನದ ತಿದ್ದುಪಡಿಯಿಂದ ವೋಟಿನ ವಯಸ್ಸು 1989ರಿಂದ ಹದಿನೆಂಟಕ್ಕೆ ಇಳಿದಿದೆ. ನಮ್ಮಲ್ಲಿ ಎಷ್ಟೋ ಮಂದಿ, ಅದರಲ್ಲೂ ಊರು ಬಿಟ್ಟು ಬಂದು ಹಾಸ್ಟೆಲಿನಲ್ಲಿ ಇರುವವರು, ಇನ್ನೂ ಹೆಸರು ಬರೆಸಿಲ್ಲ. ಇವತ್ತೇ ಹೋಗಿ ಬರೆಸಿ. ನನ್ನ ಹೆಸರು ಪಟ್ಟಿಗೆ ಬಂದಿದೆ. ಮುಂದಿನ ಚುನಾವಣೆಗೆ ಆಯಿಯನ್ನು ಮತಗಟ್ಟೆಗೆ ಕರೆದುಕೊಂಡು ಹೋಗುವ ಕೆಲಸವೂ ನನ್ನದೇ.