ಡಿಕ್ಸಿ ಡೀನ್: 39 ವರ್ಷಗಳ ಬಳಿಕ ಕೈಸೇರಿದ ಪದಕ

ಒಂದು ಋತು, 39 ಪಂದ್ಯ, 60 ಗೋಲು. 1927-28ರಲ್ಲಿ ಎವರ್ಟನ್ ಕ್ಲಬ್ಬಿನ ವಿಲಿಯಂ ರಾಲ್ಫ್ ಡೀನ್ ಸ್ಥಾಪಿಸಿದ ಈ ದಾಖಲೆ ಇಂಗ್ಲೆಂಡಿನ ಲೀಗ್ ಫುಟ್‌ಬಾಲ್‌ನಲ್ಲಿ ಇಂದಿಗೂ ಅಬಾಧಿತ. 2022-23ರಲ್ಲಿ ಎರ್ಲಿಂಗ್ ಹಾಲಂಡ್ ಪ್ರೀಮಿಯರ್ ಲೀಗ್ ದಾಖಲೆ ಬರೆದಾಗಲೂ ಗೋಲುಗಳ ಸಂಖ್ಯೆ 36 ಮಾತ್ರ. ಆದರೆ ಡೀನ್ ಜೀವನದ ಹೆಚ್ಚು ಮನಮುಟ್ಟುವ ಅಧ್ಯಾಯ ಐರ್ಲೆಂಡ್‌ನ ವಾಯವ್ಯ ಕರಾವಳಿಯ ಸ್ಲೈಗೋ ಎಂಬ ಸಣ್ಣ ಪಟ್ಟಣಕ್ಕೆ ಸೇರಿದ್ದು.

ಡೀನ್ ಹುಟ್ಟಿದ್ದು 1907ರಲ್ಲಿ, ಲಿವರ್‌ಪೂಲ್ ನಗರದ ಎದುರು ದಡದ ಬರ್ಕನ್‌ಹೆಡ್‌ನಲ್ಲಿ. ಊರಿನ ಟ್ರಾನ್ಮಿಯರ್ ರೋವರ್ಸ್ ತಂಡದಿಂದ 1925ರಲ್ಲಿ ಎವರ್ಟನ್ ಸೇರಿದರು. ಮರುವರ್ಷವೇ ಮೋಟಾರ್ ಸೈಕಲ್ ಅಪಘಾತ. ತಲೆಬುರುಡೆ, ದವಡೆ ಬಿರುಕು ಬಿಟ್ಟಿದ್ದವು. ಇನ್ನು ಆಡುವುದು ಅಸಾಧ್ಯವೆಂದೇ ವೈದ್ಯರು ಭಾವಿಸಿದ್ದರು. ಅದೇ ತಲೆಯಿಂದ ಚೆಂಡನ್ನು ಗೋಲುಪೆಟ್ಟಿಗೆಗೆ ಅಟ್ಟುವುದರಲ್ಲಿ ಅವರು ಮುಂದೆ ಅದ್ವಿತೀಯರೆನಿಸಿದರು. 'ಡಿಕ್ಸಿ' ಎಂಬ ಅಡ್ಡಹೆಸರು ಜಗತ್ತಿಗೆಲ್ಲ ಪ್ರಿಯ, ಅವರಿಗೆ ಮಾತ್ರ ಅಪ್ರಿಯ. ಆಪ್ತರ ಪಾಲಿಗೆ ಅವರು ಬಿಲ್.

ಎವರ್ಟನ್‌ಗಾಗಿ 399 ಲೀಗ್ ಪಂದ್ಯಗಳಲ್ಲಿ 349 ಗೋಲು ಗಳಿಸಿದ ಅವರನ್ನು ಕ್ಲಬ್ 1938ರಲ್ಲಿ ನಾಟ್ಸ್ ಕೌಂಟಿಗೆ ಮಾರಿತು. ಅಷ್ಟರಲ್ಲಿ ಅವರ ಸ್ಥಾನಕ್ಕೆ ಟಾಮಿ ಲಾಟನ್ ಎಂಬ ತರುಣ ಸಿದ್ಧನಾಗಿದ್ದ. ನಾಟ್ಸ್ ಕೌಂಟಿಯಲ್ಲಿ ಡೀನ್ ಆಡಿದ್ದು ಕೇವಲ ಒಂಬತ್ತು ಲೀಗ್ ಪಂದ್ಯ. ಗಾಯಗಳು ದೇಹವನ್ನು ಜರ್ಜರಿತಗೊಳಿಸಿದ್ದವು.

ಕಥೆ ಮುಗಿಯಿತು ಎನ್ನುವಾಗಲೇ, 1939ರ ಜನವರಿಯಲ್ಲಿ ಸ್ಲೈಗೋ ರೋವರ್ಸ್ ಕರೆಯಿತು. ಅಲ್ಲಿದ್ದುದು ಕೆಲವೇ ತಿಂಗಳು. ಏಳು ಲೀಗ್ ಪಂದ್ಯಗಳಲ್ಲಿ ಹತ್ತು ಗೋಲು. ಅವುಗಳಲ್ಲಿ ಐದು ವಾಟರ್‌ಫರ್ಡ್ ವಿರುದ್ಧ ಒಂದೇ ಪಂದ್ಯದಲ್ಲಿ. ಪುಟ್ಟ ಊರಿನ ತಂಡ ಎಫ್‌ಎಐ ಕಪ್ ಫೈನಲ್ ತಲುಪಿತು. ಶೆಲ್‌ಬರ್ನ್ ಎದುರಿನ ಫೈನಲ್‌ನಲ್ಲಿ ಡೀನ್ ಗೋಲು ಹೊಡೆದರೂ ಪಂದ್ಯ 1-1ರಲ್ಲಿ ಸಮವಾಯಿತು. ಮರುಪಂದ್ಯದಲ್ಲಿ ಸ್ಲೈಗೋ ಒಂದು ಗೋಲಿನಿಂದ ಸೋತಿತು. ಡೀನ್‌ಗೆ ಸಿಕ್ಕಿದ್ದು ರನ್ನರ್ಸ್ ಅಪ್ ಪದಕ. ಅದೂ ಹೋಟೆಲ್ ಕೋಣೆಯಿಂದ ಕಳುವಾಯಿತು.

ಅಷ್ಟರಲ್ಲಿ ಮಹಾಯುದ್ಧ ಆರಂಭವಾಗಿ ಆಟ ನಿಂತಿತು. ವಾರಕ್ಕೆ ಗರಿಷ್ಠ ಎಂಟು ಪೌಂಡ್ ಸಂಬಳದ ಕಾಲವದು. ಅಂತಹ ಗೋಲುವೀರನಿಗೂ ಉಳಿತಾಯವೆಂಬುದು ಹೆಚ್ಚಿರಲಿಲ್ಲ. ಯುದ್ಧಾನಂತರ ಚೆಸ್ಟರ್ ನಗರದಲ್ಲಿ 'ಡಬ್ಲಿನ್ ಪ್ಯಾಕೆಟ್' ಎಂಬ ಮದ್ಯದಂಗಡಿ ನಡೆಸಿದರು. ಅನಂತರ ಫುಟ್‌ಬಾಲ್ ಫಲಿತಾಂಶಗಳ ಮೇಲೆ ಪಣ ಸ್ವೀಕರಿಸುತ್ತಿದ್ದ ಲಿಟಲ್‌ವುಡ್ಸ್ ಕಂಪನಿಯಲ್ಲಿ ದುಡಿದರು. ಎವರ್ಟನ್ ಅವರಿಗಾಗಿ ಸಹಾಯಾರ್ಥ ಪಂದ್ಯ ಏರ್ಪಡಿಸಿದ್ದು 1964ರಲ್ಲಿ, ಕ್ಲಬ್ ತೊರೆದ 26 ವರ್ಷಗಳ ಮೇಲೆ! 1976ರಲ್ಲಿ ರಕ್ತ ಹೆಪ್ಪುಗಟ್ಟಿದ್ದರಿಂದ ಬಲಗಾಲನ್ನು ಕತ್ತರಿಸಬೇಕಾಯಿತು.

ಆ ಸ್ಥಿತಿಯಲ್ಲೂ 1978ರಲ್ಲಿ ಡೀನ್ ಐರ್ಲೆಂಡ್‌ಗೆ ಹೋದರು. ಸ್ಲೈಗೋ ಮತ್ತೆ ಕಪ್ ಫೈನಲ್ ಪ್ರವೇಶಿಸಿತ್ತು. ತಂಡ ಈ ಬಾರಿಯೂ ಸೋತಿತು, ಶ್ಯಾಮ್‌ರಾಕ್ ರೋವರ್ಸ್ ಎದುರು. ಆದರೆ ಹೋಟೆಲ್ ಕೋಣೆಯ ಬಾಗಿಲಲ್ಲಿ ಯಾರೋ ಒಂದು ಪೊಟ್ಟಣ ತೂರಿಸಿ ಹೋಗಿದ್ದರು. ಒಳಗಿದ್ದುದು 1939ರ ಪದಕ.

1980ರ ಮಾರ್ಚ್ 1ರಂದು ಎವರ್ಟನ್-ಲಿವರ್‌ಪೂಲ್ ಪಂದ್ಯ ನೋಡಲು ಡೀನ್ ಗುಡಿಸನ್ ಪಾರ್ಕ್ ಕ್ರೀಡಾಂಗಣಕ್ಕೆ ಬಂದಿದ್ದರು. 1928ರಲ್ಲಿ 60ನೇ ಗೋಲು ಹೊಡೆದದ್ದೂ ಅಲ್ಲಿಯೇ. ಹೃದಯಾಘಾತದಿಂದ ಅವರು ಅಲ್ಲಿಯೇ ಕೊನೆಯುಸಿರೆಳೆದರು. ವಯಸ್ಸು 73. ಪಂದ್ಯವನ್ನು ಲಿವರ್‌ಪೂಲ್ 2-1ರಿಂದ ಗೆದ್ದಿತು.